ಪದ್ಮಿನಿಗೆ ತಂಪು

ಮಾವ ಬಿಟ್ಟುಹೋದ ಪ್ರೀಮಿಯರ್ ಪದ್ಮಿನಿಗೆ ಏಸಿ ಇತ್ತು. ಅಂದರೆ ಡ್ಯಾಶ್‌ಬೋರ್ಡಿನ ಕೆಳಗೊಂದು ಡಬ್ಬ ನೇತಾಡುತ್ತಿತ್ತು. ಅದರಿಂದ ತಂಪೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತಿತ್ತು: ಧೂಳು, ಗೊರಗೊರ ಸದ್ದು, ಒಂದು ಸಲ ಜಿರಳೆ. ಗ್ಯಾಸ್ ತುಂಬಿಸಲು ಹೋದೆ. “ಇದು ಆರ್-12 ಸಾರ್, ಓಜೋನ್ ಪದರ ತೂತು ಮಾಡುತ್ತೆ ಅಂತ ನಿಲ್ಲಿಸಿಬಿಟ್ಟಿದ್ದಾರೆ” ಎಂದ ಮೆಕ್ಯಾನಿಕ್. 1987ರ ಮಾಂಟ್ರಿಯಲ್ ಒಪ್ಪಂದ ನನ್ನ ಗಾಡಿಯನ್ನೂ ಲೆಕ್ಕಕ್ಕೆ ಹಿಡಿದಿತ್ತೆಂದು ಒಳಗೊಳಗೇ ಹೆಮ್ಮೆಯಾಯಿತು. “134ಎ ಹಾಕೋಣ” ಎಂದವನು ಬೀಗರ ಹಾಗೆ ಪಟ್ಟಿ ಬಿಚ್ಚಿದ: ಹಳೇ ಎಣ್ಣೆ ಆಗಲ್ಲ, ಓ-ರಿಂಗ್ ಬದಲಿಸಬೇಕು, ಡ್ರೈಯರ್ ಹೊಸದು, ಕಂಡೆನ್ಸರ್ ಇನ್ನೂ ದೊಡ್ಡದು, ಹೊಸ ಕಾಲದ ಕಂಪ್ರೆಸರ್. ಬಿಲ್ ನೋಡಿ ಏಸಿ ಹಾಕುವ ಮೊದಲೇ ಮೈ ತಣ್ಣಗಾಯಿತು.

ಈಗ ಗಾಳಿ ಎಷ್ಟು ತಂಪೆಂದರೆ ನನ್ನವಳು ಶಾಲು ಹೊದೆಯುತ್ತಾಳೆ. ಆದರೆ 1089 ಸಿಸಿ ಎಂಜಿನ್ನಿನಲ್ಲಿರುವುದೇ ನಲವತ್ತು ಚಿಲ್ಲರೆ ಕುದುರೆ. ನಾಲ್ಕಾರನ್ನು ಕಂಪ್ರೆಸರೇ ಕಟ್ಟಿಹಾಕಿಕೊಳ್ಳುತ್ತದೆ. ಚಾಮುಂಡಿ ಬೆಟ್ಟದ ತಿರುವಿನಲ್ಲಿ ಸ್ಕೂಟಿಯ ಅಜ್ಜಿಯೊಬ್ಬರು ಕನಿಕರದಿಂದ ನೋಡುತ್ತ ಮುಂದೆ ಹೋದರು. ತಕ್ಷಣ ಏಸಿ ಆರಿಸಿ ಕಿಟಕಿ ಇಳಿಸಿದೆ. ಹಿಡಿ ನನ್ನ ಕೈಗೇ ಬಂತು.