ಯಾಕ್ಸಾ?

ಯಾಕಣ್ಣನ ನಿಜವಾದ ಹೆಸರು ರೇಷನ್ ಕಾರ್ಡಿಗೆ ಮಾತ್ರ ಗೊತ್ತು. ಕುಂತಲ್ಲಿ ನಿಂತಲ್ಲಿ "ಯಾಕ್ಸಾ?" ಎಂದು ಕೇಳಿ ಕೇಳಿಯೇ ಈ ಹೆಸರು ಬಂದದ್ದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲೂಕಿನ ಯಾವ ಹಳ್ಳಿಗೆ ಹೋದರೂ ಇಂಥವನೊಬ್ಬ ಸಿಕ್ಕೇ ಸಿಗುತ್ತಾನೆ. ಹೆಗಲ ಮೇಲೆ ಬಣ್ಣ ಮಾಸಿದ ಹಸಿರು ಟವೆಲ್ಲು, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಜೆರಾಕ್ಸ್ ತುಂಬಿದ ಪ್ಲಾಸ್ಟಿಕ್ ಕವರು. ನನ್ನ ಪಾಲಿಗೆ ಬಂದವನು ಪಾಂಡವಪುರ ಸೀಮೆಯವನು.

ಈ ಜಾತಿ ಸುಮ್ಮನೆ ಹುಟ್ಟಿದ್ದಲ್ಲ. 1980ರಲ್ಲಿ ರೈತಸಂಘ ಬಂದ ಮೇಲೆ, ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಕಾಲಿಡಕೂಡದು ಎಂದು ಹಳ್ಳಿಗಳ ಬಾಗಿಲಲ್ಲಿ ಬೋರ್ಡು ನಿಂತವು. ಸಾಲ ವಸೂಲಿಯ ಜೀಪಿನ ಸದ್ದಿಗೆ ಹಿತ್ತಲಿಂದ ಕಬ್ಬಿನ ಗದ್ದೆ ಸೇರುತ್ತಿದ್ದ ಜನ, ಅದೇ ಜೀಪಿಗೆ ಅಡ್ಡ ನಿಂತು "ಯಾಕ್ ಬಂದ್ರಿ?" ಅಂದರು. ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರಂತೂ ಇದೇ ಪ್ರಶ್ನೆಗಳನ್ನು ನಮ್ಮದೇ ಮಾತಿನಲ್ಲಿ ವಿಧಾನಸಭೆಗೇ ಒಯ್ದರು. 2018ರಲ್ಲಿ ಅವರು ತೀರಿಕೊಂಡಾಗ ಯಾಕಣ್ಣ ಮೂರು ದಿನ ಯಾರನ್ನೂ ಏನೂ ಕೇಳಲಿಲ್ಲ.

ನಾಲ್ಕನೇ ದಿನ ಮತ್ತೆ ಶುರು. ಕನ್ನಂಬಾಡಿ 124.80 ಅಡಿ ತುಂಬಿತೆಂದು ಪೇಪರಿನಲ್ಲಿ ಬಂದರೆ ನಾವು ಬತ್ತದ ಒಟ್ಲು ಬಿಡುವ ಲೆಕ್ಕ ಹಾಕುತ್ತೇವೆ; ಅವನು "ಅದ್ರಲ್ಲಿ ಹೂಳು ಎಷ್ಟಡಿ? ಅದನ್ಯಾಕೆ ಬರೆಯಲ್ಲ?" ಅನ್ನುತ್ತಾನೆ. ಟಿಕೆಟ್ಟಿನ ಹಿಂದೆ ಚಿಲ್ಲರೆ ಬರೆದುಕೊಡುವ ಕಂಡಕ್ಟರು ಇವನನ್ನು ಕಂಡರೆ ಚಿಲ್ಲರೆಯನ್ನೇ ಕೊಟ್ಟುಬಿಡುತ್ತಾನೆ. ನಾಗಮಂಗಲದ ಕಡೆಯ ಜ್ಯೋತಿಷಿಯೊಬ್ಬರಿಗೆ, "ನಾನು ಇವತ್ತು ಬತ್ತೀನಿ ಅಂತ ನಿಮ್ಗೆ ಗೊತ್ತಿತ್ತಾ ಬುದ್ಧಿ?" ಎಂದು ಕೇಳಿ ದಕ್ಷಿಣೆ ವಾಪಸ್ ತಂದಿದ್ದ. ಮನೆಯ ಕ್ಯಾಲೆಂಡರಿನಲ್ಲಿ ಹಬ್ಬಗಳಿಗಿಂತ ಮಾಹಿತಿ ಹಕ್ಕಿನ ಅರ್ಜಿಗಳ 30ನೇ ದಿನಕ್ಕೆ ಹಾಕಿದ ಸುತ್ತುಗಳೇ ಜಾಸ್ತಿ. ಅವನ ಹೆಂಡತಿ ಒಮ್ಮೆ ನನ್ನ ಮುಂದೆ ಅಂದಳು: "ಇವ್ರು ಕೇಳ್ದೇ ಇರೋ ಪ್ರಶ್ನೆ ಒಂದೇ ಕಣಪ್ಪ, 'ನಿಂದು ಊಟ ಆಯ್ತಾ' ಅಂತ."

ಇವೆಲ್ಲ ಬೇರೆಯವರ ಪಾಡು, ನಗಬಹುದು. ನಮ್ಮಪ್ಪ ತೀರಿಕೊಂಡ ವರ್ಷ ಪೌತಿ ಖಾತೆ ಮಾಡಿಸಲು ಇವನನ್ನು ಕಚೇರಿಗೆ ಕರೆದುಕೊಂಡು ಹೋದದ್ದು ಮಾತ್ರ ನನ್ನ ಕರ್ಮ. ಯಾವ ಕಚೇರಿ ಅಂತ ಹೇಳುವುದಿಲ್ಲ; ನಾಳೆ ಮತ್ತೆ ಅಲ್ಲಿಗೇ ಹೋಗಬೇಕಾದವನು ನಾನು. ಅದಕ್ಕೆ ಮೊದಲು ನಾನೊಬ್ಬನೇ ನಾಲ್ಕು ಸಲ ಹೋಗಿದ್ದೆ. ನಾಲ್ಕು ಸಲವೂ ಗುಮಾಸ್ತರು "ಸರ್ವರ್ ಇಲ್ಲ" ಅಂದಿದ್ದರು. ನಾಲ್ಕು ಸಲವೂ ಕೈ ಮುಗಿದು ಬಂದಿದ್ದೆ. ಐದನೇ ಸಲಕ್ಕೆಂದು ಐನೂರರ ನೋಟೊಂದನ್ನು ಎರಡು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದೆ.

"ಸರ್ವರ್ ಇಲ್ಲ" ಅಂದರು ಗುಮಾಸ್ತರು, ಅಭ್ಯಾಸಬಲದಿಂದ.

"ಯಾಕ್ಸಾ? ಪಕ್ಕದ ಕೌಂಟರಲ್ಲಿ ಪಹಣಿ ಬತ್ತಾ ಐತಲ್ಲ, ಅದ್ಕೆ ಬೇರೆ ಸರ್ವರಾ?"

ಗುಮಾಸ್ತರು ಮೊದಲ ಸಲ ತಲೆ ಎತ್ತಿದರು. ನಾನು ತಲೆ ತಗ್ಗಿಸಿದೆ.

"ಇವ್ನ ಅರ್ಜಿದು ಸಕಾಲದ 15 ಅಂಕಿ ನಂಬರ್ ಎಲ್ಲಿ ಸಾ? ತಡ ಮಾಡಿದ್ರೆ ದಿನಕ್ಕೆ 20 ರೂಪಾಯಂಗೆ 500ರ ಗಂಟ ನೀವೇ ಇವ್ನಿಗೆ ಕೊಡ್ಬೇಕಾಯ್ತದೆ."

ನಾನು ಜೇಬು ಮುಟ್ಟಿಕೊಂಡೆ. ಆ ಐನೂರು ಅತ್ತ ಹೋಗಬೇಕಾದ್ದೋ ಇತ್ತ ಬರಬೇಕಾದ್ದೋ ತಿಳಿಯಲಿಲ್ಲ.

"ಸರಿ, ರೂಲ್ಸ್ ಪ್ರಕಾರಾನೇ ಹೋಗೋಣ" ಎಂದು ಗುಮಾಸ್ತರು ಫೈಲು ಬಿಚ್ಚಿದರು. ಮುಗೀತು. ಪಹಣಿಯಲ್ಲಿ ಅಪ್ಪ ಬೋರೇಗೌಡ, ಮರಣ ಪತ್ರದಲ್ಲಿ ಬೋರಯ್ಯ, ಆಧಾರಿನಲ್ಲಿ ಅಪ್ಪನ ಹೆಸರಿಗೆ ನಮ್ಮೂರಿನ ಹೆಸರೂ ಅಂಟಿಕೊಂಡಿದೆ. ಮೂವರೂ ಒಬ್ಬರೇ ಎಂದು ಅಫಿಡವಿಟ್ಟು ಆಗಬೇಕು, ವಂಶವೃಕ್ಷ ಮತ್ತೆ ಮಾಡಿಸಬೇಕು. ಐನೂರಕ್ಕೆ ಮುಗಿಯುತ್ತಿತ್ತೇನೋ ಅನ್ನಿಸಿದ ಕೆಲಸಕ್ಕೆ ಎರಡು ತಿಂಗಳು ಅಲೆದೆ. ಬೈಕಿನ ಹಿಂದೆ ಕೂತ ಯಾಕಣ್ಣನಿಗೆ ಮಾತ್ರ ಹಿಗ್ಗು. "ನೋಡ್ದಾ, ಫೈಲು ಹೆಂಗೆ ಓಡಾಡ್ತಾ ಐತೆ!"

"ಓಡಾಡ್ತಿರೋದು ಫೈಲಲ್ಲ ಅಣ್ಣ, ನಾನು."

ಖಾತೆ ಆಯಿತು. ನೋಟು ಜೇಬಿನಲ್ಲೇ ಉಳಿದು, ಒಂದು ದಿನ ಪ್ಯಾಂಟಿನ ಜೊತೆ ಒಗೆದುಹೋಯಿತು.

ಈ ವರ್ಷ ಯಾಕಣ್ಣನ ಮಂಡಿ ಕೈಕೊಟ್ಟಿದೆ. ಜಗಲಿ ಬಿಟ್ಟು ಏಳುವುದಿಲ್ಲ. ಮೊನ್ನೆ ಇನ್ನೊಂದು ಸರ್ವೆ ನಂಬರಿನ ತಿದ್ದುಪಡಿಗೆ ಒಬ್ಬನೇ ಹೋದೆ. "ಸರ್ವರ್ ಇಲ್ಲ" ಅಂದರು, ಅದೇ ಗುಮಾಸ್ತರು. ಕೈ ಮುಗಿಯುವಷ್ಟರಲ್ಲಿ ನನ್ನ ಬಾಯಿ, ನನ್ನನ್ನು ಕೇಳದೆ, "ಯಾಕ್ಸಾ?" ಅಂದುಬಿಟ್ಟಿತು.

ಅವರು ಕನ್ನಡಕ ತೆಗೆದು ನೋಡಿದರು. "ನೀವು ಆ ಹಸಿರು ಟವೆಲ್ಲಿನವರ ಕಡೆಯವರಾ?"

"ಛೆ ಛೆ, ಇಲ್ಲ ಸಾ. ಒಂದೇ ಊರು, ಅಷ್ಟೆ."

ಅವರು ನಂಬಿದಂತೆ ಕಾಣಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಆಗಿತ್ತು.

ಸಂಜೆ ಜಗಲಿಗೆ ಹೋಗಿ ಹೇಳಿದೆ. ಅವನು ಮಂಡಿಗೆ ಹರಳೆಣ್ಣೆ ತೀಡಿಕೊಳ್ಳುತ್ತಿದ್ದ.

"ಎಷ್ಟು ಕೊಟ್ಟೆ?"

"ಏನೂ ಇಸ್ಕೊಳ್ಲಿಲ್ಲ ಅಣ್ಣ."

ತೀಡುತ್ತಿದ್ದ ಕೈ ನಿಂತಿತು. "ಇಸ್ಕೊಳ್ಲಿಲ್ವಾ? ಯಾಕ್ಲಾ?"

ಏನೆಂದು ಹೇಳಲಿ? ಎಣ್ಣೆ ಬಟ್ಟಲು ಇತ್ತ ಎಳೆದುಕೊಂಡು ಇನ್ನೊಂದು ಮಂಡಿಗೆ ನಾನೇ ತೀಡತೊಡಗಿದೆ.