ಠುಸ್ ಪಟಾಕಿಯೂ ನಮ್ಮ ದೊಡ್ಡಪ್ಪನೂ

ದೀಪಾವಳಿಗೆ ಬೆಂಗಳೂರಿನಲ್ಲಿ ಎಲ್ಲರಿಗಿಂತ ಮೊದಲು ಸಜ್ಜಾಗುವುದು ಮಿಂಟೋ ಕಣ್ಣಿನ ಆಸ್ಪತ್ರೆ. ನಾವಿನ್ನೂ ಹಂಡೆ ತೊಳೆದು ನೀರು ತುಂಬಿರುವುದಿಲ್ಲ. ಅಲ್ಲಿ ಹಾಸಿಗೆ ಮೀಸಲಿಟ್ಟು, ರಾತ್ರಿ ಪಾಳಿಗೆ ವೈದ್ಯರನ್ನು ಹಾಕಿ ಆಗಿರುತ್ತದೆ. ನಮ್ಮ ಮೇಲೆ ಅಷ್ಟು ನಂಬಿಕೆ. ನಾವೂ ಅದನ್ನು ಹುಸಿ ಮಾಡಿದವರಲ್ಲ.

ಮಕ್ಕಳು ಹಿರಿಯರ ಸಮ್ಮುಖದಲ್ಲೇ ಪಟಾಕಿ ಹಚ್ಚಬೇಕಂತೆ. ಹೀಗೆ ಹೇಳುವವರು ನಮ್ಮ ಹಿರಿಯರನ್ನು ನೋಡಿಲ್ಲ. ಸುರ್ ಎಂದು ಸುಮ್ಮನಾದ ಆಟಂ ಬಾಂಬ್ ಕಂಡರೆ ಮಕ್ಕಳು ಹಿಂದೆ ಸರಿಯುತ್ತಾರೆ. ಪಂಚೆ ಎತ್ತಿ ಕಟ್ಟಿ ಮುಂದೆ ನಡೆಯುವವರು ದೊಡ್ಡಪ್ಪ. ಬಗ್ಗಿ, ಮುಖ ಹತ್ತಿರ ಒಯ್ದು, ಉಫ್ ಎಂದು ಊದಿ ವಿಚಾರಿಸುತ್ತಾರೆ. ನಿವೃತ್ತಿಯವರೆಗೂ ಸರ್ಕಾರಿ ಕಡತಗಳ ನಡುವೆ ಬಾಳಿದ ಮನುಷ್ಯ. ತಡವಾಗಿದೆ ಎಂದರೆ ಆಗುವುದೇ ಇಲ್ಲ ಎಂದರ್ಥವಲ್ಲ ಎಂಬುದು ಅವರಿಗಾದರೂ ಗೊತ್ತಿರಬೇಕಿತ್ತು. ‘ಒಂದು ಬಕೆಟ್ ನೀರು ಸುರಿದುಬಿಡಿ’ ಎಂದರೆ, ‘ದುಡ್ಡು ಕೊಟ್ಟು ತಂದಿದ್ದು ಕಣಮ್ಮ’ ಎನ್ನುತ್ತಾರೆ. ಕಣ್ಣು ಪುಕ್ಕಟೆ ಬಂದಿದ್ದು ತಾನೆ.

ಇನ್ನು ಸುರ್‌ಸುರ್‌ಬತ್ತಿ. ‘ಪಾಪ, ಅದೇನೂ ಮಾಡಲ್ಲ’ ಎಂದು ಅಜ್ಜಿ ನೈಲಾನ್ ಲಂಗದ ಮೊಮ್ಮಗಳ ಕೈಗೆ ಕೊಡುತ್ತಾರೆ. ಅದರ ತುದಿಯ ಬಿಸಿ ಸಾವಿರ ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ. ಬೆಳಿಗ್ಗೆ ‘ಎಣ್ಣೆ ಕಾದಿದೆ, ಮುಟ್ಟೀಯ!’ ಎಂದು ಗದರಿದ್ದೂ ಇದೇ ಅಜ್ಜಿ.

ರಾತ್ರಿ 8ರಿಂದ 10ರವರೆಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತು. ನಮ್ಮ ಬೀದಿಯವರು ಅದನ್ನು ಊಟದ ವಿರಾಮ ಎಂದುಕೊಂಡಂತಿದೆ. ಹಸಿರು ಪಟಾಕಿ ತಂದವರ ಗತ್ತೇ ಬೇರೆ. ಹೊಗೆಯ ಕಣ ಶೇ. 30ರಷ್ಟು ಕಡಿಮೆಯಂತೆ, ಸಂತೋಷ. ಕಣ್ಣಿಗೆ ಸಿಡಿದರೆ ಮಾತ್ರ ರಿಯಾಯಿತಿ ಇಲ್ಲ.

ಕೈ ಸುಟ್ಟರೆ ಟೂತ್‌ಪೇಸ್ಟ್, ಇಂಕು, ಕಾಫಿಪುಡಿ ಎಲ್ಲ ಓಡಿಬರುತ್ತವೆ. ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ ಎಂದು ಡಾಕ್ಟರು ಹೇಳಿದರೆ, ಇಷ್ಟಕ್ಕೆ ಡಾಕ್ಟರು ಬೇರೆ ಬೇಕಿತ್ತೇ ಎಂಬ ಮುಖ.

ಆಸ್ಪತ್ರೆ ಸೇರುವವರಲ್ಲಿ ಪಟಾಕಿ ಹಚ್ಚದವರೂ ಬೇಕಾದಷ್ಟು ಜನ: ಬೀದಿ ದಾಟುತ್ತಿದ್ದವನು, ಬಾಲ್ಕನಿಯಲ್ಲಿ ನಿಂತಿದ್ದವಳು, ವಾಲಿದ ಬಾಟಲಿಯ ರಾಕೆಟ್ಟಿಗೆ ಎದುರಾದ ಹುಡುಗ. ರಾಕೆಟ್ಟಿನ ಮನೆಯವರು ಸಭ್ಯರು. ಕಜ್ಜಾಯದ ಡಬ್ಬಿ ಹಿಡಿದು ನೋಡಲು ಬರುತ್ತಾರೆ. ‘ನಿಮ್ಮ ಹುಡುಗ ಅಷ್ಟು ಹೊತ್ತಿನಲ್ಲಿ ಅಲ್ಲೇಕೆ ನಿಂತಿದ್ದ?’ ಎಂದು ಮೆಲ್ಲಗೆ ಕೇಳುತ್ತಾರೆ. ಗಡಿಯಾರ ನೋಡಿ ಬೇಗ ಹೊರಡುತ್ತಾರೆ. ಬಲಿಪಾಡ್ಯಮಿಯ ಪಟಾಕಿ ಡಬ್ಬ ಇನ್ನೂ ಒಡೆದಿಲ್ಲವಲ್ಲ.