ಪುಟಪ್ಪನವರ ಪೋಡಿ ಪುಸ್ತಕ

ನಮ್ಮ ಬೀದಿಯ ಪುಟಪ್ಪನವರ ನಿಜವಾದ ಹೆಸರು ಪುಟಪ್ಪ ಅಲ್ಲ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದಷ್ಟು ಕಾಲವೂ ‘ಫೈಲು ಪುಟಪ್ ಮಾಡ್ರೀ’ ಎಂದು ಗುಮಾಸ್ತರ ಬೆನ್ನು ಹತ್ತುತ್ತಿದ್ದರಲ್ಲ, ಅದಕ್ಕೆ ಜವಾನನೊಬ್ಬ ಇಟ್ಟ ಹೆಸರು. ನಿವೃತ್ತಿಯಾದಾಗ ಗ್ರಾಚ್ಯುಟಿಯ ಜೊತೆ ಅದೂ ಮನೆಗೆ ಬಂತು. ಅಂಥವರೊಬ್ಬರು ನಿಮ್ಮ ಬೀದಿಯಲ್ಲೂ ಇದ್ದೇ ಇರುತ್ತಾರೆ. ಕನ್ನಡ ಮೀಡಿಯಮ್ಮಿನಲ್ಲಿ ಓದಿದವರು, ರೆನ್ ಅಂಡ್ ಮಾರ್ಟಿನ್ ವ್ಯಾಕರಣವನ್ನು ಬಾಯಿಪಾಠ ಮಾಡಿದವರು, ಆಕ್ಟಿವ್ ವಾಯ್ಸನ್ನು ಅರೆನಿಮಿಷದಲ್ಲಿ ಪ್ಯಾಸಿವ್ ಮಾಡಬಲ್ಲವರು. ಡಿ.ಸಿ. ಆಫೀಸಿಗೆ ಬರೆದ ಕಾಗದದಲ್ಲಿ ಒಂದು ಕಾಮಾ ಆಚೀಚೆ ಆದದ್ದಿಲ್ಲ. ಇಂಗ್ಲಿಷಿನಲ್ಲಿ ಮಾತಾಡಿ ಅಂದರೆ ಮಾತ್ರ ಗಂಟಲು ಕಟ್ಟುತ್ತದೆ.

ಅನಾಹುತ ಶುರುವಾದದ್ದು ಬೆಂಗಳೂರಿನ ಸಾಫ್ಟ್‌ವೇರ್ ಮಗನಿಂದ. ‘ಅಪ್ಪಾ, ಪೋಸ್ಟ್‌ಪೋನ್, ಟಾಲರೇಟ್, ಎಕ್ಸ್‌ಟಿಂಗ್ವಿಶ್ ಅಂತೆಲ್ಲ ಇಂಗ್ಲಿಷಿನೋರು ಮನೇಲಿ ಮಾತಾಡಲ್ಲ. ಪುಟ್ ಆಫ್, ಪುಟ್ ಅಪ್ ವಿತ್, ಪುಟ್ ಔಟ್ ಅಂತಾರೆ’ ಅಂದುಬಿಟ್ಟ. ಆ ರಾತ್ರಿ ಪುಟಪ್ಪನವರಿಗೆ ಊಟ ಸೇರಲಿಲ್ಲ. ಎಕ್ಸ್‌ಟಿಂಗ್ವಿಶ್ ಸ್ಪೆಲಿಂಗಿಗಾಗಿ ಮೇಷ್ಟ್ರ ಕೈಲಿ ತಿಂದ ಏಟುಗಳೇನು ಕಡಿಮೆಯೆ? ಅಷ್ಟು ಪಾಡುಪಟ್ಟು ಕಲಿತದ್ದನ್ನೆಲ್ಲ ಪುಟ್ ಎನ್ನುವ ಪುಟಗೋಸಿ ಪದವೊಂದು ಮೂಲೆಗೆ ತಳ್ಳಿತಲ್ಲ ಎಂದು ಒಳಗೇ ಕುದಿದರು.

ಮಾರನೆಯ ದಿನ ಇನ್ನೂರು ಪುಟದ ಲಾಂಗ್‌ಬುಕ್ ಬಂತು. ಕಂದಾಯ ಇಲಾಖೆಯ ಜೀವ. ಇಂಗ್ಲಿಷನ್ನು ಬೇರೆ ಹೇಗೆ ಕಲಿಯಬೇಕು? ಕ್ರಿಯಾಪದವೆಲ್ಲ ಸರ್ವೆ ನಂಬರು, ಅದರ ಬಾಲಕ್ಕೆ ಅಂಟುವ ಅಪ್, ಡೌನ್, ಆನ್, ಆಫ್‌ಗಳೆಲ್ಲ ಹಿಸ್ಸಾ. ಸರ್ವೆ ನಂಬರು 1, ಗೆಟ್. 1/1 ಗೆಟ್ ಅಪ್, ಏಳುವುದು. 1/2 ಗೆಟ್ ಓವರ್, ಚೇತರಿಸಿಕೊಳ್ಳುವುದು. 1/3 ಗೆಟ್ ಅವೇ, ತಪ್ಪಿಸಿಕೊಳ್ಳುವುದು. ಪೋಡಿ ಸಲೀಸಾಗಿಯೇ ಸಾಗಿತ್ತು. ಟೇಕ್ ಆಫ್ ಹತ್ತಿರ ಬಂದಾಗ ಅಳತೆ ಸರಪಳಿ ಕೈಜಾರಿತು. ವಿಮಾನ ಮೇಲೇರುವುದೂ ಟೇಕ್ ಆಫ್, ಅಂಗಿ ಕಳಚುವುದೂ ಟೇಕ್ ಆಫ್, ರಜೆ ಹಾಕುವುದೂ ಅದೇ, ಹೇಳದೆ ಕೇಳದೆ ಹೊರಟುಹೋಗುವುದೂ ಅದೇ. ‘ಒಂದೇ ಹಿಸ್ಸಾಕ್ಕೆ ನಾಲ್ಕು ಜನ ಖಾತೆದಾರರು! ಪಹಣಿ ಯಾರ ಹೆಸರಿಗೆ ಬರೀಲಿ?’ ಎಂದು ಜಗುಲಿಯಿಂದಲೇ ಗುಡುಗಿದರು. ಪುಟ್ ಅಪ್ ವಿತ್‌ನಲ್ಲಿ ಅಪ್ ಸಾಲದೆಂದು ವಿತ್ ಬೇರೆ ಬಂದು ಕೂತಿದ್ದನ್ನು ಕಂಡು, ‘ಸ್ಪಷ್ಟ ಒತ್ತುವರಿ’ ಎಂದು ಕೆಂಪು ಶಾಯಿಯಲ್ಲಿ ಷರಾ ಬರೆದರು.

ಪಾಪ, ಈ ತಕರಾರು ಅವರೊಬ್ಬರದೇ ಅಲ್ಲ. ಹೊರಗಿನವರಿಗೆ ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಕಷ್ಟವಾಗುವುದು ಈ ಬಾಲದ ಕ್ರಿಯಾಪದಗಳೇ ಎಂದು ಡಾ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತಮ್ಮ ನಿಘಂಟಿನ ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದರು. ಅವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಅಚ್ಚಿಗೆ ಬಂದು ಬಳಕೆಯಾದದ್ದು 1925ರ ಲೋಗನ್ ಪಿಯರ್ಸಲ್ ಸ್ಮಿತ್‌ರ ಪುಸ್ತಕದಿಂದ. ಹೆಸರು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಹೆನ್ರಿ ಬ್ರಾಡ್ಲಿ. ‘ಅಂದ್ರೆ 170 ವರ್ಷ ಖಾತೇನೇ ಇಲ್ದೆ ಅನುಭವದಲ್ಲಿದ್ದ ಜಮೀನು’ ಎಂದು ಪುಟಪ್ಪನವರು ತೀರ್ಪು ಕೊಟ್ಟರು. ಸಿ.ಕೆ. ಆಗ್ಡನ್ ಎಂಬ ಪುಣ್ಯಾತ್ಮ 1930ರಲ್ಲಿ ಬೇಸಿಕ್ ಇಂಗ್ಲಿಷ್ ಅಂತ ಮಾಡಿ, ಬರೀ 850 ಪದ ಸಾಕು, ಅದರಲ್ಲಿ ಕ್ರಿಯಾಪದ ಹದಿನೆಂಟೇ ಎಂದನೆಂದು ಗೊತ್ತಾದ ದಿನ ಮನೆಯಲ್ಲಿ ಪಾಯಸ. ಸಂಜೆ ಪಟ್ಟಿ ತರಿಸಿ ನೋಡಿದರೆ ಆ ಹದಿನೆಂಟರಲ್ಲಿ ಕೂತಿದ್ದವರೆಲ್ಲ ಇವೇ ಪುಟ್, ಗೆಟ್, ಟೇಕ್, ಗೋ, ಕಮ್! ಎಂಟರ್ ಅನ್ನುವ ಮರ್ಯಾದಸ್ಥ ಪದವನ್ನು ಹೊರಗೆ ಕಳಿಸಿ ಆ ಮನೆಗೆ ಗೋ ಇನ್ ಒಕ್ಕಲು ಬಂದಿತ್ತು. ಪಾಯಸ ತಿಂದು ಆಗಿತ್ತು, ಏನು ಮಾಡುವುದು.

ಕಲಿಯುವ ಹುಮ್ಮಸ್ಸಿನಲ್ಲಿರುವವನಿಗೆ ತಿದ್ದುವ ಚಟ ಬೇಗ ಅಂಟುತ್ತದೆ. ಎದುರುಮನೆ ಹುಡುಗ ‘ಅಂಕಲ್, ಐ ಪಾಸ್ಡ್ ಔಟ್ ಲಾಸ್ಟ್ ಇಯರ್’ ಎಂದರೆ ಇವರು ಗಾಬರಿಯ ಮುಖ ಮಾಡಿ ‘ಯಾವ ಆಸ್ಪತ್ರೆಗೆ ಸೇರಿಸಿದ್ರಪ್ಪಾ?’ ಎನ್ನುತ್ತಾರೆ. ಲಂಡನ್ನಿನಲ್ಲಿ ಹಾಗಂದರೆ ಜ್ಞಾನ ತಪ್ಪಿ ಬಿದ್ದೆ ಎಂದು ತಿಳಿಯುತ್ತಾರೆ, ನಿಜ. ಆದರೆ ಆ ಹುಡುಗ ನಿಂತಿದ್ದದ್ದು ಹಾಲಿನ ಬೂತಿನ ಮುಂದೆ. ಯಾರಾದರೂ ‘ಕೋಪ್ ಅಪ್’ ಎಂದರೂ ಅಷ್ಟೇ, ‘ಕೋಪ್‌ಗೆ ಅಪ್ ಬೇಡ, ಕತ್ತರಿಸಿ’ ಎಂದು ಅಲ್ಲೇ ಬಾಲ ಕೊಯ್ಯುತ್ತಾರೆ. ಮದುವೆ ಮನೆಯಲ್ಲಿ ಇವರ ಪಂಕ್ತಿಯ ಪಕ್ಕದ ಎಲೆ ಸಾಮಾನ್ಯವಾಗಿ ಖಾಲಿ ಇರುತ್ತದೆ.

ಇಷ್ಟಾದರೂ ಮಾತು ಮಾತ್ರ ಹೊರಡುತ್ತಿಲ್ಲ. ಹೊರಡದಿರುವುದಕ್ಕೆ ಇಟ್ ಎಂಬ ಪುಟ್ಟ ಪದವೇ ಕಾರಣ. ಪುಟ್ ಆಫ್ ದ ಮೀಟಿಂಗ್ ಎನ್ನಬಹುದು, ಪುಟ್ ದ ಮೀಟಿಂಗ್ ಆಫ್ ಎಂದೂ ಎನ್ನಬಹುದು. ಮೀಟಿಂಗ್ ಎದ್ದುಹೋಗಿ ಆ ಜಾಗಕ್ಕೆ ಇಟ್ ಬಂತೋ, ಅದು ನಡುವೆಯೇ ಕೂರಬೇಕು: ಪುಟ್ ಇಟ್ ಆಫ್. ಅದೇ ಲುಕ್ ಆಫ್ಟರ್ ಆದರೆ ಇಟ್ ಕೊನೆಗೇ ನಿಲ್ಲಬೇಕು. ನವೆಂಬರಿನಲ್ಲಿ ಪಿಂಚಣಿಯ ಜೀವಿತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋದರು. ಮ್ಯಾನೇಜರು ಬಿಹಾರದ ಕಡೆಯ ಹುಡುಗ. ‘ಅಂಕಲ್, ಸರ್ವರ್ ಡೌನ್, ಕಮ್ ಟುಮಾರೋ’ ಎಂದ. ಪುಟಪ್ಪನವರು ‘ಪ್ಲೀಸ್ ಡೋಂಟ್ ಪುಟ್...’ ಎಂದು ಶುರುಮಾಡಿ, ಇಟ್‌ನ ಹಿಸ್ಸಾ ನಂಬರು ಹುಡುಕುತ್ತ ಕಣ್ಣು ಮೇಲೆ ಮಾಡಿ ನಿಂತರು. ಅಷ್ಟರಲ್ಲಿ ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು ಇವರ ಭುಜದ ಮೇಲಿಂದಲೇ ‘ಸಾರ್, ಲೋನ್ ಫಾಲೋಅಪ್ ಕರೋ ಸಾರ್, ಕಲ್ ಲೆಟರ್ ಪಿಕಪ್ ಕರ್ತಾ’ ಎಂದು ಕೂಗಿದರು. ಮ್ಯಾನೇಜರು ನಕ್ಕು, ‘ಡನ್’ ಎಂದು ಬರೆದುಕೊಂಡ. ಸಾಹುಕಾರರು ಹೋಗಿ ಕಾಫಿ ಕುಡಿದು ಬಂದರೂ ಇವರು ಅಲ್ಲೇ ಇದ್ದರು.

ನನಗನ್ನಿಸುವುದು ಇಷ್ಟು. ಈ ನಾಡಿನಲ್ಲಿ ಫ್ರೇಸಲ್ ವರ್ಬ್ ಕಲಿಯದವರೆಲ್ಲ ಅದನ್ನು ಸಲೀಸಾಗಿ ಬಳಸುತ್ತಿದ್ದಾರೆ. ಎರಡು ಪದ ಬೆಸೆದು ಒಂದು ಮಾಡಿ, ಹಿಂದೆ ಒಂದು ಮಾಡು, ಒಂದು ಆಗು ಅಂಟಿಸಿದರೆ ತೀರಿತು. ಇಟ್ ಎಲ್ಲಿ ಕೂರಬೇಕೆಂಬ ಜಗಳವೇ ಇಲ್ಲ. ಪುಟಪ್ಪನವರೂ ಸರ್ವಿಸಿನ ಉದ್ದಕ್ಕೂ ಫೈಲು ಪುಟಪ್ ಮಾಡಿಸಿದ್ದು ಹೀಗೆಯೇ. ಆಗ ಒಮ್ಮೆಯೂ ತಡವರಿಸಿರಲಿಲ್ಲ.

ಅವರ ಮನೆಯವರದಂತೂ ಇನ್ನೂ ಧಾರಾಳ. ಮೊನ್ನೆ ತಂಗಿಯ ಜೊತೆ ಫೋನಿನಲ್ಲಿ, ‘ಇವರನ್ನ ಚೆಕಪ್‌ಗೆ ಕರ್ಕೊಂಡು ಹೋಗ್ಬೇಕು ಕಣೇ. ಪದ್ದಕ್ಕನ ಮಗಂದು ಬ್ರೇಕಪ್ ಅಂತೆ, ಸ್ಟಾರ್ಟಪ್ಪೂ ಟೇಕಾಫ್ ಆಗ್ಲಿಲ್ವಂತೆ’ ಎನ್ನುತ್ತಿದ್ದರು. ಪುಟಪ್ಪನವರು ಬಾಗಿಲ ಮರೆಯಲ್ಲಿ ನಿಂತು ಒಂದೊಂದನ್ನೂ ಸರ್ವೆ ನಂಬರಿಗೆ ಏರಿಸುತ್ತಿದ್ದರು.

ಅಷ್ಟರಲ್ಲಿ ಆಕೆ, ‘ರೀ, ಟ್ಯಾಂಕ್ ಓವರ್‌ಫ್ಲೋ ಆಗ್ತಿದೆ, ಮೋಟರ್ ಆಫ್ ಮಾಡ್ರೀ!’ ಎಂದು ಕೂಗಿದರು. ಪುಟಪ್ಪನವರ ಪೆನ್ನು ನಿಂತಿತು. ಓವರ್ ಇಲ್ಲಿ ಮುಂದೆ ಬಂದಿದೆ. ಬಾಲ ಮೂತಿಯ ಕಡೆ ಬಂದರೆ ಅದು ಹಿಸ್ಸಾವೋ ಬೇರೆಯೇ ಸರ್ವೆ ನಂಬರೋ? ಲುಕ್ ಓವರ್ ಎಂದರೆ ಪರಿಶೀಲಿಸುವುದು, ಓವರ್‌ಲುಕ್ ಎಂದರೆ ಕಂಡೂ ಕಾಣದಂತೆ ಬಿಡುವುದು. ಎರಡಕ್ಕೂ ಒಂದೇ ಖಾತೆ ಮಾಡಲು ಬರುವುದಿಲ್ಲವಲ್ಲ! ‘ತಕರಾರು ಪ್ರಕರಣಗಳು’ ಎಂದು ಹೊಸ ಪುಟ ತೆಗೆದು, ಸ್ಕೇಲಿಟ್ಟು ಗೆರೆ ಎಳೆಯುತ್ತಿರುವಾಗ ತಾರಸಿಯ ನೀರು ಧಾರೆಯಾಗಿ ಪಕ್ಕದ ಮನೆಯವರು ಒಣಹಾಕಿದ್ದ ಹಪ್ಪಳದ ಮೇಲೆ ಇಳಿಯಿತು. ಕಾಂಪೌಂಡಿನ ಆಚೆಯಿಂದ ಆ ಮನೆಯಾಕೆ ಅಂದದ್ದನ್ನು ಮಾತ್ರ ಅವರು ಬರೆದುಕೊಳ್ಳಲಿಲ್ಲ. ಅದೆಲ್ಲ ಅಚ್ಚಗನ್ನಡದಲ್ಲಿತ್ತು.